ಹದಿನಾರು ಇದ್ದದ್ದು ಎಂಟಾಯಿತು

ಕಾಪುವಿನ ಭೋಜಣ್ಣನಿಗೆ ಮಗಳು ಚೈತನ್ಯಾ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟದ್ದು ಅವನು ಎದೆಯ ಆಪರೇಷನ್ ಮುಗಿಸಿ ಮನೆಗೆ ಬಂದ ಹನ್ನೊಂದನೆಯ ದಿನ. ಮೂರು ತಿಂಗಳು ಭಾರದ್ದು ಯಾವುದನ್ನೂ ಎತ್ತಬಾರದು ಎಂದು ಡಾಕ್ಟರರು ಎರಡೆರಡು ಸಲ ಹೇಳಿ ಕಳುಹಿಸಿದ್ದರು. ಅವನ ಹಳೆಯ ಲ್ಯಾಪ್‌ಟಾಪೋ ಮೂರು ಕಿಲೋಗೂ ಮೇಲೆ ತೂಗುತ್ತಿತ್ತು. ಅಪ್ಪ ಅದನ್ನು ಎದೆಗೆ ಒತ್ತಿಕೊಂಡು ಕಪಾಟಿನಿಂದ ಇಳಿಸುತ್ತಿದ್ದುದನ್ನು ಒಂದು ಬೆಳಿಗ್ಗೆ ಚೈತನ್ಯಾ ಕಂಡಳು. ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಅವಳದ್ದು. ಅಂದು ಡ್ಯೂಟಿ ಮುಗಿಸಿ ಸೀದಾ ಉಡುಪಿಯ ಅಂಗಡಿಗೆ ಹೋಗಿ, ಎರಡು ಬೆರಳಲ್ಲಿ ಹಿಡಿಯಬಹುದಾದಷ್ಟು ತೆಳುವಾದ, ಬೂದು ಬಣ್ಣದ ಲ್ಯಾಪ್‌ಟಾಪ್ ತೆಗೆದುಕೊಂಡು ಮನೆಗೆ ಬಂದಳು.

"ಮಡಿಲಲ್ಲಿ ಇಟ್ಟುಕೊಂಡು ನೋಡಿ ಪಪ್ಪ. ಭಾರವೇ ಇಲ್ಲ," ಎಂದಳು.

ಭಾರವೇ ಇರಲಿಲ್ಲ. ಭೋಜಣ್ಣ ಅದನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಿ, ತೆರೆದು, ಮತ್ತೆ ಮುಚ್ಚಿದ. ಮಗಳು ತನಗಾಗಿ ಇಷ್ಟು ಯೋಚನೆ ಮಾಡಿದ್ದಾಳಲ್ಲ ಎಂದುಕೊಂಡ. ಒಳ್ಳೆಯದುಂಟು ಎಂದಷ್ಟೇ ಹೇಳಿದ. ಅವನ ಬಾಯಲ್ಲಿ ಅದೇ ದೊಡ್ಡ ಮಾತು.

ಭೋಜಣ್ಣ ಮೂವತ್ತೊಂದು ವರ್ಷ ಮಲ್ಪೆಯ ಬೋಟುಗಳಲ್ಲಿ ತಾಂಡೇಲನಾಗಿದ್ದವನು. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಎಂದು ತೀರ್ಮಾನಿಸುವುದು ತಾಂಡೇಲನ ಕೆಲಸ. ನೀರಿನ ಅಡಿಯಲ್ಲಿ ಕಲ್ಲುಗಳಿರುತ್ತವೆ. ಬಲೆ ಅದಕ್ಕೆ ಸಿಕ್ಕಿಕೊಂಡರೆ ಹರಿದು ಚಿಂದಿ. ಕೆಲವೊಮ್ಮೆ ಬೋಟೇ ವಾಲಿಕೊಳ್ಳುವುದುಂಟು. ಅಂಥ ಕಲ್ಲುಗಳ ಜಾಗವನ್ನೆಲ್ಲ ಭೋಜಣ್ಣ ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಜಿಪಿಎಸ್‌ನಲ್ಲಿ ಗುರುತು ಹಾಕಿಟ್ಟಿದ್ದ. ಏಳು ವರ್ಷದ ಹಿಂದೆ ಮಣಿಪಾಲದಲ್ಲಿ ಓದುತ್ತಿದ್ದ ವಿಕಾಸ್ ಎಂಬ ಹುಡುಗ ಪ್ರಾಜೆಕ್ಟ್ ಕೆಲಸಕ್ಕೆಂದು ಮಲ್ಪೆಗೆ ಬಂದವನು, ಈ ಗುರುತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ನಕ್ಷೆ ಮಾಡಬಹುದು ಎಂದು ತೋರಿಸಿಕೊಟ್ಟಿದ್ದ. ವಿಕಾಸ್ ಓದು ಮುಗಿಸಿ ಅವನ ಊರಿಗೆ ಹೋದ. ಭೋಜಣ್ಣ ಮಾತ್ರ ನಕ್ಷೆ ಬಿಡಲಿಲ್ಲ. ಬೋಟು ದಡದಲ್ಲಿದ್ದ ದಿನಗಳಲ್ಲೆಲ್ಲ ಕೂತು, ಬಲೆ ಎಳೆದ ಒಂದೊಂದು ದಾರಿಯನ್ನೂ, ಅಲ್ಲಿನ ಆಳವನ್ನೂ, ಅಡಿಯಲ್ಲಿ ಕೆಸರೋ ಮರಳೋ ಚಿಪ್ಪೋ ಎಂಬುದನ್ನೂ ತುಂಬಿಸುತ್ತ ಬಂದ. ಕಾಪುವಿನಿಂದ ಭಟ್ಕಳದವರೆಗಿನ ಕಡಲಿನ ತಳ ಈಗ ಅವನ ಆ ಒಂದು ಫೈಲಿನಲ್ಲಿತ್ತು. ಇನ್ನು ಬೋಟಿಗೆ ಹತ್ತುವ ಹಾಗಿಲ್ಲ ಎಂದು ಡಾಕ್ಟರರು ಹೇಳಿದ ಮೇಲೆ ಅವನಿಗೆ ಉಳಿದಿದ್ದ ಕಡಲು ಅದೊಂದೇ.

ಚೈತನ್ಯಾ ಹಳೆಯದರಲ್ಲಿದ್ದ ಎಲ್ಲವನ್ನೂ ಹೊಸದಕ್ಕೆ ಹಾಕಿ, ಹಳೆಯದರ ಫೈಲುಗಳನ್ನೆಲ್ಲ ಅಳಿಸಿ ಚೊಕ್ಕ ಮಾಡಿದಳು. ರೋಗಿಯನ್ನು ನೋಡಲು ಕಾರ್ಕಳದಿಂದ ಬಂದಿದ್ದ ಭೋಜಣ್ಣನ ಹೆಂಡತಿಯ ತಮ್ಮ ಜಿತೇಂದ್ರ, ಮನೆಯಲ್ಲಿ ಹೆಂಡತಿ ಆಶ್ರಿತಾಳಿಗೆ ಬೇಕಿತ್ತು ಎಂದು ಹಳೆಯದನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋದ.

ಮಾರನೆಯ ದಿನ ಭೋಜಣ್ಣ ನಕ್ಷೆ ತೆರೆದ. ಪರದೆ ಬೆಳ್ಳಗಾಯಿತು. ಒಂದು ಸಣ್ಣ ಉರುಟು ಸುತ್ತತೊಡಗಿತು. ಸುತ್ತಿತು, ಸುತ್ತಿತು, ಕೊನೆಗೆ ಎಲ್ಲವೂ ಮುಚ್ಚಿಹೋಯಿತು. ತಾನೇ ಏನೋ ತಪ್ಪು ಒತ್ತಿರಬೇಕು ಅಂದುಕೊಂಡ. ಎರಡನೇ ಸಲವೂ ಹಾಗೇ. ಮೂರನೇ ಸಲ ಉಡುಪಿಯ ಎದುರಿನ ಕಡಲು ಅರ್ಧ ಕಂಡು, ಅಲ್ಲೇ ನಿಂತು, ಬೆರಳು ಆಡಿಸಿದರೂ ಅಲುಗಲಿಲ್ಲ. ಇಂಥ ಆಪರೇಷನ್ ಆದವರಿಗೆ ಕೆಲವು ದಿನ ಮರೆವು, ಗೊಂದಲ ಬರಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹಾಗಾಗಿ ಹಾಳಾಗಿರುವುದು ಲ್ಯಾಪ್‌ಟಾಪೋ ತನ್ನ ತಲೆಯೋ ಎಂದು ಅವನಿಗೆ ಎರಡು ದಿನ ಖಾತ್ರಿಯಾಗಲಿಲ್ಲ. ಹಳೆಯದರಲ್ಲಿ ಇದೇ ನಕ್ಷೆ ಚಹಾ ಆರುವುದರೊಳಗೆ ತೆರೆದುಕೊಳ್ಳುತ್ತಿತ್ತು ಎಂದು ನೆನಪು. ಆ ನೆನಪು ಸರಿಯೇ ಅಲ್ಲವೇ ಎಂಬುದೂ ಈಗ ಅನುಮಾನ.

ನಾಲ್ಕನೆಯ ಸಲ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂತು. ಅದರಲ್ಲಿ ಅವನಿಗೆ ಗೊತ್ತಾದ ಶಬ್ದ ಮೆಮೊರಿ ಎಂಬುದೊಂದೇ. ಹೆಂಡತಿ ಅಪ್ಪಿಯನ್ನು ಕರೆದು ತೋರಿಸಿದ. ಅಪ್ಪಿಗೆ ಮೊಬೈಲಿನ ಅನುಭವ ಚೆನ್ನಾಗಿತ್ತು.

"ಮೆಮೊರಿ ತುಂಬಿದೆ ಅಂತ. ನನ್ನ ಮೊಬೈಲಿಗೂ ಹಾಗೇ ಬರ್ತದೆ. ಬೇಡದ್ದನ್ನು ಡಿಲೀಟ್ ಮಾಡಿ," ಎಂದಳು. "ಆಮೇಲೆ ಆ ಕಸದ ಬುಟ್ಟಿ ಉಂಟಲ್ಲ, ಅದನ್ನೂ ಖಾಲಿ ಮಾಡ್ಬೇಕು. ಇಲ್ಲದಿದ್ರೆ ಹೋಗುವುದಿಲ್ಲ."

ಹೇಳಿದ ಹಾಗೆ ಮಾಡಿದ. ಮೊದಲು ಸಿನಿಮಾಗಳು ಹೋದವು. ಆಮೇಲೆ ಯಾರದೋ ಮದುವೆಯ ಸಾವಿರದ ಇನ್ನೂರು ಫೋಟೋ. ನಕ್ಷೆ ತೆರೆಯಲಿಲ್ಲ. ಇನ್ನು ಏನು ಉಂಟು ಎಂದು ಹುಡುಕುವಾಗ ಕಣ್ಣಿಗೆ ಬಿದ್ದದ್ದು ಕಿಟ್ಟನ ಹೆಸರಿನ ಫೋಲ್ಡರ್.

ಕಿಟ್ಟ ಅವನ ಬೋಟಿನಲ್ಲಿ ಹತ್ತೊಂಬತ್ತು ವರ್ಷ ಬಲೆ ಎಳೆದವನು. ಬಲೆ ಮೇಲೆ ಬಂದ ಕೂಡಲೇ ಅದಕ್ಕೆ ಅಂಟಿಕೊಂಡದ್ದನ್ನು ಬೆರಳಲ್ಲಿ ಉಜ್ಜಿ, ಮೂಸಿ, ಅಡಿಯಲ್ಲಿ ಏನಿದೆ ಎಂದು ಕೂಗಿ ಹೇಳುತ್ತಿದ್ದ. ಭೋಜಣ್ಣನ ಕೈ ಸ್ಟಿಯರಿಂಗಿನಲ್ಲಿ ಇರುತ್ತಿದ್ದುದರಿಂದ ಅದನ್ನು ಬರೆದುಕೊಳ್ಳಲಾಗದೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ದಡಕ್ಕೆ ಬಂದ ಮೇಲೆ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ತೆಗೆಯುತ್ತಿದ್ದ. ಅಂಥವು ನಲವತ್ತಮೂರು ಇದ್ದವು. ಎರಡು ವರ್ಷದ ಹಿಂದೆ ಕಿಟ್ಟ ಕಾಯಿಲೆಯಾಗಿ ತೀರಿಕೊಂಡಿದ್ದ. ಭೋಜಣ್ಣ ಒಂದನ್ನು ಹಚ್ಚಿ ಕೇಳಿದ. ಎಂಜಿನ್ನಿನ ಗದ್ದಲದ ನಡುವೆ ಕಿಟ್ಟನ ಸೀಳು ದನಿ, "ಇಪ್ಪತ್ತೆರಡು ಮಾರು, ಕರಿ ಕೆಸರು, ಭೋಜಣ್ಣ." ಇದು ನಕ್ಷೆಯಲ್ಲಿ ಆಗಲೇ ಸೇರಿದೆ ಎಂದು ಭೋಜಣ್ಣ ತನಗೆ ತಾನೇ ಹೇಳಿಕೊಂಡ. ಕಿಟ್ಟ ಹೇಳಿದ್ದು ಒಂದೂ ಬಿಡದೆ ಸೇರಿದೆ. ನಕ್ಷೆಯೇ ತೆರೆಯದಿದ್ದರೆ ದನಿ ಇಟ್ಟುಕೊಂಡು ಏನು ಮಾಡುವುದು. ಕಣ್ಣು ಬೇರೆ ಕಡೆ ಮಾಡಿ ಒತ್ತಿಬಿಟ್ಟ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ.

ನಕ್ಷೆ ಆಗಲೂ ತೆರೆಯಲಿಲ್ಲ.

ಮಗಳಿಗೆ ಹೇಳುವುದು ಹೇಗೆ? ಸಂಜೆ ಅವಳು ಬಂದು, ಪಪ್ಪ, ಹೊಸದು ಹೇಗುಂಟು ಎಂದು ಕೇಳಿದರೆ ಚೆನ್ನಾಗಿ ಉಂಟು ಎನ್ನುತ್ತಿದ್ದ. ಅವಳು ಸ್ನಾನಕ್ಕೆ ಹೋದ ಮೇಲೆ ಅದನ್ನು ಮುಚ್ಚಿ ತಲೆದಿಂಬಿನ ಪಕ್ಕ ಇಡುತ್ತಿದ್ದ. ಕೊನೆಗೆ ಒಂದು ಗುರುವಾರ, ಸ್ವಲ್ಪ ದೂರ ನಡೆದು ಬರುತ್ತೇನೆ ಎಂದು ಅಪ್ಪಿಗೆ ಹೇಳಿ, ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಉಡುಪಿಯಲ್ಲಿ ಇಳಿದು ಪರ್ಕಳದ ಬಸ್ಸು ಹಿಡಿದ. ಬಸ್ಸು ಮಣಿಪಾಲದಲ್ಲಿ ಮಗಳ ಲ್ಯಾಬಿನ ಮುಂದೆಯೇ ಹಾದುಹೋಗುತ್ತದೆ ಎಂಬುದು ನೆನಪಾದದ್ದು ಹತ್ತಿದ ಮೇಲೆ. ಕಾಲೇಜು ಮಕ್ಕಳ ಬ್ಯಾಗುಗಳ ಮರೆಯಲ್ಲಿ ತಲೆ ತಗ್ಗಿಸಿಕೊಂಡು ಕುಳಿತ.

ಪರ್ಕಳದಲ್ಲಿ ಕಜೆಟನ್ ಎಂಬವರ ರಿಪೇರಿ ಅಂಗಡಿ. ಕಲ್ಯಾಣಪುರದವರು; ಭೋಜಣ್ಣ ಅವರನ್ನು ತುಳುನಾಡಿನಲ್ಲಿ ಕ್ರೈಸ್ತರನ್ನು ಕರೆಯುವ ಕ್ರಮದಂತೆ ಪೊರ್ಬುಗಳೇ ಎಂದು ಕರೆಯುತ್ತಿದ್ದ. ಹಳೆಯ ಲ್ಯಾಪ್‌ಟಾಪ್ ನಿಧಾನವಾದಾಗಲೆಲ್ಲ ಅವರು ಹಿಂದಿನ ಮುಚ್ಚಳ ತೆಗೆದು, ಬೆರಳುದ್ದದ ಒಂದು ಹಸಿರು ಪಟ್ಟಿಯನ್ನು ಟಕ್ಕೆಂದು ಸಿಕ್ಕಿಸಿ ಕೊಡುತ್ತಿದ್ದರು. ಮೊದಲು ನಾಲ್ಕು ಇದ್ದದ್ದು ಎಂಟಾಯಿತು, ಆಮೇಲೆ ಹದಿನಾರು. ಅದು ಎಂತದ್ದರ ಹದಿನಾರು ಎಂದು ಭೋಜಣ್ಣ ಕೇಳಿದವನಲ್ಲ. ಹಾಕಿದ ಮೇಲೆ ಓಡುತ್ತಿತ್ತು, ಅಷ್ಟು ಸಾಕಿತ್ತು.

"ಇದಕ್ಕೂ ಒಂದು ಪಟ್ಟಿ ಹಾಕಿಬಿಡಿ," ಎಂದು ಹೊಸದನ್ನು ಮೇಜಿನ ಮೇಲಿಟ್ಟ.

ಕಜೆಟನ್ ಅದನ್ನು ಮಗುಚಿ ನೋಡಿದರು. ಮುಖದಲ್ಲಿ ಉತ್ಸಾಹ ಕಾಣಲಿಲ್ಲ. ಆದರೂ ಹತ್ತು ಸಣ್ಣ ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ಕಿನ ತುಂಡೊಂದನ್ನು ಅಂಚಿಗೆ ತೂರಿಸಿ ಮುಚ್ಚಳ ಎಬ್ಬಿಸಿದರು. ಕನ್ನಡಕ ಮೇಲೆ ಮಾಡಿ ಭೋಜಣ್ಣನನ್ನು ಹತ್ತಿರ ಕರೆದರು. ಒಳಗೆ ಕಪ್ಪು ಬ್ಯಾಟರಿ, ಒಂದು ಸಣ್ಣ ಫ್ಯಾನು, ಕೈಯಗಲದ ಒಂದು ಹಲಗೆ. ಪಟ್ಟಿ ಸಿಕ್ಕಿಸುವ ಜಾಗ ಎಲ್ಲೂ ಇರಲಿಲ್ಲ.

"ಇಲ್ಲಿ ನೋಡಿ, ಈ ನಾಲ್ಕು ಕಪ್ಪು ಚೌಕ ಉಂಟಲ್ಲ, ಇದೇ ಮೆಮೊರಿ. ಕಂಪೆನಿಯಲ್ಲೇ ಹಲಗೆಗೆ ಬೆಸೆದು ಬಿಟ್ಟಿದ್ದಾರೆ. ತೆಗೀಲಿಕ್ಕೂ ಆಗುವುದಿಲ್ಲ, ಸೇರಿಸ್ಲಿಕ್ಕೂ ಆಗುವುದಿಲ್ಲ."

"ಎಷ್ಟು ಉಂಟು?"

"ಎಂಟು."

ಭೋಜಣ್ಣನಿಗೆ ಅರ್ಥವಾಗಲಿಲ್ಲ. ಪೆಟ್ಟಿಗೆಯ ಮೇಲೆ ಐನೂರ ಹನ್ನೆರಡು ಎಂದು ಬರೆದಿತ್ತು, ಅದನ್ನು ತಾನು ಕಣ್ಣಾರೆ ಓದಿದ್ದೇನೆ ಎಂದ. ಹಳೆಯದರಲ್ಲಿ ಹದಿನಾರು, ಹತ್ತು ವರ್ಷ ಕಳೆದು ಬಂದ ಹೊಸದರಲ್ಲಿ ಎಂಟು ಹೇಗಾಗುತ್ತದೆ, ಕಾಲ ಮುಂದೆ ಹೋದ ಹಾಗೆ ಹೆಚ್ಚಾಗಬೇಕಲ್ಲವೇ ಎಂದು ಕೇಳಿದ. ಕಜೆಟನ್, ಮಾರುವ ಅಂಗಡಿಗಳ ಹುಡುಗರು ಎರಡನ್ನೂ ಮೆಮೊರಿ ಎಂದೇ ಕರೆಯುತ್ತಾರೆ, ಅದರಿಂದಲೇ ಈ ತಲೆನೋವು ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಅವನ ಬೋಟಿನ ಲೆಕ್ಕದಲ್ಲೇ ಹೇಳಿದರು. ಐನೂರ ಹನ್ನೆರಡು ಎಂದರೆ ಬೋಟಿನ ಕೆಳಗಿನ ಐಸು ಹಾಕುವ ಕೋಣೆ. ಎಷ್ಟೋ ದಿನದ ಮೀನು ಅಲ್ಲಿ ಇಟ್ಟುಕೊಳ್ಳಬಹುದು. ಎಂಟು ಎಂದರೆ ಮೇಲಿನ ಡೆಕ್ಕು. ಬಲೆ ಬಿಚ್ಚಿ ಮೀನು ಹರಡಿ ಆರಿಸುವುದು ಅಲ್ಲಿ. ಕೆಳಗೆ ಕೋಣೆ ಎಷ್ಟು ದೊಡ್ಡದಿದ್ದರೂ ಡೆಕ್ಕು ಸಣ್ಣದಾದರೆ ದೊಡ್ಡ ಬಲೆ ಬಿಚ್ಚಲು ಆಗುವುದಿಲ್ಲ. ಭೋಜಣ್ಣನ ನಕ್ಷೆ ದೊಡ್ಡ ಬಲೆ.

ಇದು ಅವನಿಗೆ ಕೂಡಲೇ ತಿಳಿಯಿತು. ತಿಳಿದದ್ದೇ ತಡ, ಕಿಟ್ಟನ ಫೋಲ್ಡರ್ ನೆನಪಾಯಿತು.

"ಪೊರ್ಬುಗಳೇ, ನಾನು ಡಿಲೀಟ್ ಮಾಡಿದ್ದು ಯಾವುದರಿಂದ?"

"ಎಂತ ಡಿಲೀಟ್ ಮಾಡಿದ್ರಿ?"

ಹೇಳಿದ. ಕಜೆಟನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಕೆಳಗಿನ ಕೋಣೆಯಿಂದ ಅಳಿಸಿದ್ದು, ಡೆಕ್ಕಿಗೂ ಅದಕ್ಕೂ ಸಂಬಂಧವಿರಲಿಲ್ಲ ಎಂದು ಮೆಲ್ಲಗೆ ಹೇಳಿದರು. ಈ ಹೊಸ ನಮೂನೆಯ ಡಿಸ್ಕಿನಲ್ಲಿ ಅಳಿಸಿದ್ದು ಸಾಧಾರಣವಾಗಿ ತಿರುಗಿ ಸಿಗುವುದಿಲ್ಲ ಎಂದೂ ಹೇಳಿದರು. ಭೋಜಣ್ಣ ಅಂಗಡಿಯ ಸ್ಟೂಲಿನ ಮೇಲೆ ಕುಳಿತ. ಎದೆಯ ಹೊಲಿಗೆ ಚುಳ್ಳೆಂದಿತು. ಕಿಟ್ಟನನ್ನು ಯಾವ ಕಾರಣವೂ ಇಲ್ಲದೆ ಅಳಿಸಿದಂತಾಯಿತು. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಗೊತ್ತಾಗಲಿಲ್ಲ. ಅಪ್ಪಿ ತನಗೆ ಗೊತ್ತಿದ್ದದ್ದನ್ನು ಹೇಳಿದ್ದಳು. ಒತ್ತಿದ್ದು ತನ್ನದೇ ಬೆರಳು.

ಕಜೆಟನ್ ಮುಚ್ಚಳ ಹಾಕುತ್ತ, ಹಳೆಯ ಲ್ಯಾಪ್‌ಟಾಪ್ ಎಲ್ಲಿದೆ ಎಂದು ಕೇಳಿದರು. ಅದರೊಳಗಿರುವುದು ತಿರುಗುವ ಡಿಸ್ಕು. ಅಳಿಸಿದ್ದರ ಮೇಲೆ ಬೇರೆ ಏನಾದರೂ ಬಂದು ಕೂರುವವರೆಗೆ ಹಳೆಯದರ ಅಂಶ ಉಳಿದಿರುತ್ತದೆ, ತಡ ಮಾಡದೆ ತಂದರೆ ನೋಡಬಹುದು ಎಂದರು. ನಕ್ಷೆಯನ್ನು ತುಂಡು ತುಂಡು ಮಾಡಿ ಇಟ್ಟುಕೊಂಡರೆ ಈ ಎಂಟರಲ್ಲೂ ತೆರೆಯುತ್ತದೆ ಎಂದೂ ಸೂಚಿಸಿದರು. ಆ ಎರಡನೆಯ ಮಾತು ಭೋಜಣ್ಣನಿಗೆ ಹಿಡಿಸಲಿಲ್ಲ.

"ಕಡಲನ್ನು ತುಂಡು ಮಾಡುವುದು ಹೇಗೆ ಮಾರಾಯ್ರೆ? ಬೋಟು ಒಂದು ತುಂಡಿನಲ್ಲಿ ನಿಲ್ತದಾ?" ಎಂದ.

ದಾರಿಯುದ್ದಕ್ಕೂ ಅವನು ಯೋಚಿಸಿದ್ದು ಬೋಟಿನ ವಿಷಯ. ತೊಂಬತ್ತೆಂಟರಿಂದ ಅವನು ನಡೆಸಿದ ಬೋಟಿಗೆ ಮೂರು ಸಲ ಎಂಜಿನ್ ಬದಲಾಗಿತ್ತು. ಹಲಗೆ ಕೊಳೆತಾಗ ಹಲಗೆ ಹಾಕಿದ್ದರು, ಡೆಕ್ಕನ್ನು ಹಿಂದಕ್ಕೆ ನಾಲ್ಕಡಿ ಉದ್ದ ಮಾಡಿದ್ದರು. ಮನೆಗೂ ಹಾಗೇ, ಮಗಳು ದೊಡ್ಡವಳಾದಾಗ ಒಂದು ಕೋಣೆ ಸೇರಿಸಿದ್ದ. ಮುಂದೆ ಏನು ಬೇಕಾದೀತು ಎಂದು ಮೊದಲ ದಿನವೇ ಗೊತ್ತಿರಬೇಕು, ಆಮೇಲೆ ಕೇಳಬಾರದು ಎನ್ನುವ ಸಾಮಾನನ್ನು ಅವನು ಇದೇ ಮೊದಲು ಕಂಡದ್ದು.

ಶನಿವಾರ ಕಾರ್ಕಳಕ್ಕೆ ಹೋದ. ಈ ಸಲ ಅಪ್ಪಿಗೆ ನಿಜ ಹೇಳಿಯೇ ಹೋದ; ಅವಳು ಬೇಡ ಎಂದರೂ ಕೇಳಲಿಲ್ಲ. ಹಳೆಯದನ್ನು ವಾಪಸು ಕೇಳುವುದು, ಬೇಕಿದ್ದರೆ ಹೊಸದನ್ನೇ ಅವರಿಗೆ ಕೊಟ್ಟುಬಿಡುವುದು ಎಂದು ಬಸ್ಸಿನಲ್ಲಿ ಕುಳಿತು ಮಾತನ್ನು ಮೂರು ನಾಲ್ಕು ಬಗೆಯಲ್ಲಿ ಜೋಡಿಸಿಕೊಂಡಿದ್ದ.

ಜಿತೇಂದ್ರ ಶಾಲೆಯ ಬಸ್ಸು ಓಡಿಸುವವನು, ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಆಶ್ರಿತಾ ಮುಂದಿನ ಕೋಣೆಯಲ್ಲಿ ಆ ಹಳೆಯ ಲ್ಯಾಪ್‌ಟಾಪಿನ ಎದುರೇ ಕುಳಿತಿದ್ದಳು. ಪರದೆಯ ತುಂಬ ಮದುಮಗಳೊಬ್ಬಳ ಮುಖ. ಮದುವೆಯ ಆಲ್ಬಮ್ ಜೋಡಿಸಿ ಕೊಡುವ ಕೆಲಸವನ್ನು ಅವಳು ಅಲ್ಲಿನ ಒಂದು ಸ್ಟುಡಿಯೋದವರಿಂದ ಹಿಡಿದಿದ್ದಳು. ಮೊದಲು ಸ್ಟುಡಿಯೋಗೇ ಹೋಗಿ ಅವರ ಕಂಪ್ಯೂಟರು ಖಾಲಿಯಾಗುವುದನ್ನು ಕಾಯಬೇಕಿತ್ತಂತೆ, ಈಗ ಮನೆಯಲ್ಲೇ ಆಗುತ್ತದೆ, ಇಪ್ಪತ್ತು ದಿನದಲ್ಲಿ ಮೂರು ಆಲ್ಬಮ್ ಮುಗಿಸಿದ್ದೇನೆ ಎಂದು ಹೇಳಿದಳು.

"ಇದು ಸಿಕ್ಕಿದ್ದು ನನ್ನ ಪುಣ್ಯ ಅಣ್ಣ. ಇಷ್ಟು ದೊಡ್ಡ ದೊಡ್ಡ ಫೋಟೋ ಹಾಕಿದ್ರೂ ಒಂಚೂರು ನಿಲ್ಲುವುದಿಲ್ಲ," ಎಂದಳು.

ಜೋಡಿಸಿಟ್ಟ ಮಾತುಗಳೆಲ್ಲ ಭೋಜಣ್ಣನ ಬಾಯಲ್ಲೇ ಉಳಿದವು. ಅವಳು ಕೊಟ್ಟ ನೀರು ಬೆಲ್ಲ ತೆಗೆದುಕೊಂಡ, ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಹೇಳಿದ. ಹೊರಡುವ ಹೊತ್ತಿಗೆ ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಒಂದು ಫೈಲು ತೆರೆದು ತೋರಿಸಬಹುದೇ ಎಂದಷ್ಟೇ ಕೇಳಿದ. ವಿಕಾಸ್ ಹಾಕಿಕೊಟ್ಟ ನಕ್ಷೆಯ ಸಾಫ್ಟ್‌ವೇರ್ ಇನ್ನೂ ಅದರಲ್ಲಿತ್ತು. ಆಶ್ರಿತಾ ತನ್ನ ಮದುಮಗಳನ್ನು ಮುಚ್ಚಿ ಅದನ್ನು ತೆರೆದಳು. ಫ್ಯಾನು ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಕಾಪುವಿನಿಂದ ಭಟ್ಕಳದವರೆಗೆ ಇಡೀ ಕಡಲು ಒಮ್ಮೆಗೇ ಬಂದು ಪರದೆಯಲ್ಲಿ ಕುಳಿತಿತು. ನೀಲಿ ಗೆರೆಗಳು, ಕೆಂಪು ಚುಕ್ಕೆಗಳು, ಒಂದೂ ಬಿಟ್ಟುಹೋಗಿರಲಿಲ್ಲ. ಹಾಗಾದರೆ ತನ್ನ ನೆನಪು ಸರಿಯಾಗಿಯೇ ಇತ್ತು ಎಂದು ಭೋಜಣ್ಣನಿಗೆ ಒಂದು ಕಡೆ ಸಮಾಧಾನ. ಇನ್ನೊಂದು ಕಡೆ ಅವನ ಕಣ್ಣು ಒದ್ದೆಯಾಗಿತ್ತು.

ಆಶ್ರಿತಾ ಅದನ್ನು ನೋಡಿದಳು. ನೋಡಿದ ಮೇಲೆ ಬಿಡಲಿಲ್ಲ, ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಕಿಟ್ಟನ ವಿಷಯ ಬಂದಾಗ ಅವಳ ಮುಖ ಬಿಳುಚಿತು. ಅವಳ ಮೂರು ಆಲ್ಬಮ್ಮಿನ ಫೋಟೋಗಳೆಲ್ಲ ಅದೇ ಡಿಸ್ಕಿನಲ್ಲಿ ಬಂದು ಕುಳಿತಿದ್ದವು.

"ಇದರ ಮೇಲೆ ಇನ್ನು ಒಂದು ಫೋಟೋ ಹಾಕುವುದಿಲ್ಲ ಅಣ್ಣ. ನಾಳೆಯೇ ಇವರ ಹತ್ತಿರ ಪರ್ಕಳಕ್ಕೆ ಕಳಿಸ್ತೇನೆ," ಎಂದಳು. ಲ್ಯಾಪ್‌ಟಾಪನ್ನೇ ಇಟ್ಟುಕೊಳ್ಳಿ ಎಂದೂ ಹೇಳಿದಳು. ಹೇಳುವಾಗ ದನಿ ಸ್ವಲ್ಪ ತಡೆಯಿತು. ಭೋಜಣ್ಣ ಬೇಡವೆಂದ. ಕೇಳಬೇಕೆಂದೇ ಬಂದವನು ಯಾಕೆ ಬೇಡವೆಂದೆ ಎಂದು ಹಿಂದಿರುಗುವಾಗ ಅವನಿಗೇ ಬಗೆಹರಿಯಲಿಲ್ಲ.

ಅವನು ಕಾಪು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಆಶ್ರಿತಾ ಫೋನ್ ಮಾಡಿ ಚೈತನ್ಯಾಳಿಗೆ ಹೇಳಿದ್ದಳು. ಜಗಲಿಯಲ್ಲಿ ಕುಳಿತಿದ್ದ ಚೈತನ್ಯಾ ಅಪ್ಪನ ಕೈಯಿಂದ ಚೀಲ ತೆಗೆದುಕೊಂಡು ಪಕ್ಕದಲ್ಲಿಟ್ಟಳು.

"ನನಗೆ ಯಾಕೆ ಹೇಳಲಿಲ್ಲ ಪಪ್ಪ?"

"ನೀನು ಆಸೆಯಲ್ಲಿ ತಂದದ್ದು. ಅದು ಆಗುವುದಿಲ್ಲ ಅಂತ ಹೇಗೆ ಹೇಳುವುದು?"

"ನಾನು ನೋಡಿ ತಂದದ್ದು ಭಾರ ಮಾತ್ರ. ನೀವು ಅದರಲ್ಲಿ ಎಂತ ಮಾಡ್ತೀರಿ ಅಂತ ಒಂದು ದಿನವೂ ಕೂತು ನೋಡಿದವಳಲ್ಲ," ಎಂದಳು. ಅಪ್ಪಿ ಒಳಗಿನಿಂದ, ಡಿಲೀಟ್ ಮಾಡಲು ಹೇಳಿದ್ದು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದಳು. ಯಾರೂ ಬೈಯಲಿಲ್ಲ.

ಸೋಮವಾರ ಚೈತನ್ಯಾ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಉಡುಪಿಯ ಅಂಗಡಿಗೆ ಹೋದಳು. ಜಗಳಕ್ಕೆ ತಯಾರಾಗಿಯೇ ಹೋದಳು. ಆದರೆ ಜಗಳ ಹುಟ್ಟಲಿಲ್ಲ. ಮಾರಿದ ರೋಹಿತ್ ಎಂಬವನಿಗೆ ಅವಳ ನೆನಪಿತ್ತು. ಯಾರಿಗೆ, ಎಂತ ಕೆಲಸಕ್ಕೆ ಎಂದು ನಾನು ಕೇಳಿದ್ದೆ, ಪಪ್ಪನಿಗೆ, ಮನೆಯಲ್ಲಿ ಕೂತು ನೋಡಲಿಕ್ಕೆ, ಭಾರ ಇರಬಾರದು ಎಂದು ನೀವೇ ಹೇಳಿದ್ದಿರಿ ಎಂದ. ಮೆಮೊರಿ ಸಾಕಾ ಎಂದು ಅವಳು ಕೇಳಿದ್ದಕ್ಕೆ ಐನೂರ ಹನ್ನೆರಡು ಧಾರಾಳ ಎಂದು ಅವನು ಹೇಳಿದ್ದೂ ನಿಜ. ತೆರೆದು ಬಳಸಿದ್ದನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ ಎಂದು ಬೇಸರದಿಂದಲೇ ಹೇಳಿದ. ಬೇರೆ ಇದ್ದರೆ ತೋರಿಸಿ ಎಂದು ಭೋಜಣ್ಣ ಕೇಳಿದ. ರೋಹಿತ್ ಸಾಲಾಗಿ ತೋರಿಸುತ್ತ ಹೋದ. ಆ ಅಂಗಡಿಯಲ್ಲಿದ್ದ ತೆಳುವಾದವುಗಳಲ್ಲಿ ಒಂದಕ್ಕೂ ಪಟ್ಟಿ ಸೇರಿಸುವ ಜಾಗವಿರಲಿಲ್ಲ. ಜಾಗವಿದ್ದದ್ದು ಮೂಲೆಯಲ್ಲಿದ್ದ ಎರಡು ದಪ್ಪನೆಯವುಗಳಲ್ಲಿ. ಅವು ಆಟ ಆಡುವ ಹುಡುಗರಿಗೆಂದು ಮಾಡಿದ್ದು, ಹಳೆಯದರಷ್ಟೇ ಭಾರ.

"ಹಾಗಾದರೆ ಎತ್ತಲಿಕ್ಕೆ ಆಗುವವರಿಗೆ ಮಾತ್ರ ಸೇರಿಸಲಿಕ್ಕೆ ಆಗ್ತದೆ, ಅಲ್ವಾ?" ಎಂದು ಭೋಜಣ್ಣ ಕೇಳಿದ. ಕುಹಕದಿಂದ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು. ರೋಹಿತ್ ತಲೆ ಕೆರೆದುಕೊಂಡು, ಈಗ ಬರುವುದು ಹೀಗೇ ಎಂದ. ಅಂಗಡಿಯಿಂದ ಇಳಿಯುವಾಗ ತಪ್ಪು ಯಾರದು ಎಂದು ಅಪ್ಪ ಮಗಳು ಇಬ್ಬರಿಗೂ ಗೊತ್ತಾಗಲಿಲ್ಲ. ಎಲ್ಲರೂ ಕೇಳಿದ್ದಕ್ಕೆ ತಮಗೆ ಸರಿ ಕಂಡ ಉತ್ತರವನ್ನೇ ಕೊಟ್ಟಿದ್ದರು.

ಕಜೆಟನ್ ಬುಧವಾರ ಫೋನ್ ಮಾಡಿದರು. ನಲವತ್ತಮೂರರಲ್ಲಿ ನಾಲ್ಕು ಸಿಕ್ಕಿದ್ದವು, ಉಳಿದವುಗಳ ಜಾಗದಲ್ಲಿ ಮದುವೆಯ ಫೋಟೋಗಳು ಕುಳಿತಿದ್ದವು. ನಾಲ್ಕರಲ್ಲಿ ಒಂದು ಬರೀ ಎಂಜಿನ್ ಸದ್ದು. ಒಂದರಲ್ಲಿ ಕಿಟ್ಟ ಆಳ ಹೇಳಲು ಶುರು ಮಾಡುವಷ್ಟರಲ್ಲಿ ತುಂಡಾಗಿತ್ತು. ಇನ್ನೊಂದರಲ್ಲಿ, ಚಿಪ್ಪು ಮಾತ್ರ ಭೋಜಣ್ಣ, ಕಲ್ಲಿಲ್ಲ, ಎಳೆಯಿರಿ ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಕೊನೆಯದರಲ್ಲಿ ಕಿಟ್ಟ ಯಾರೊಡನೆಯೋ ಗಂಜಿಗೆ ಉಪ್ಪು ಹಾಕಿಲ್ಲವೆಂದು ಜಗಳವಾಡುತ್ತಿದ್ದ. ಇದನ್ನು ಯಾವಾಗ ರೆಕಾರ್ಡ್ ಮಾಡಿದ್ದೆ ಎಂದು ಭೋಜಣ್ಣನಿಗೆ ನೆನಪೇ ಆಗಲಿಲ್ಲ. ಅದನ್ನೇ ಹೆಚ್ಚು ಸಲ ಕೇಳಿದ. ನಕ್ಕ. ಆಮೇಲೆ ಸುಮ್ಮನೆ ಹೋಗಿ ಅಂಗಳದಲ್ಲಿ ನಿಂತ. ಚೈತನ್ಯಾ ಆ ನಾಲ್ಕನ್ನೂ ತನ್ನ ಮೊಬೈಲಿಗೆ, ಅಮ್ಮನ ಮೊಬೈಲಿಗೆ, ಪೆನ್‌ಡ್ರೈವಿಗೆ ಎಲ್ಲ ಕಡೆ ಹಾಕಿಟ್ಟಳು.

ನಕ್ಷೆಯ ಫೈಲಿನ ಸಮೇತ ಹಳೆಯ ಲ್ಯಾಪ್‌ಟಾಪ್ ಮತ್ತೆ ಕಾರ್ಕಳಕ್ಕೆ ಹೋಯಿತು. ಹೊಸದು ಇನ್ನೊಂದು ತರುವ ಮಾತನ್ನು ಚೈತನ್ಯಾ ಎತ್ತಿದಳು, ಭೋಜಣ್ಣ ಒಪ್ಪಲಿಲ್ಲ. ಇರುವುದರಲ್ಲೇ ಒಮ್ಮೆ ನೋಡುವ ಎಂದ. ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಪಕ್ಕಪಕ್ಕ ಕುಳಿತು ಕಡಲನ್ನು ತುಂಡು ಮಾಡಲು ಹೊರಟರು. ಇಡೀ ನಕ್ಷೆ ಇದರಲ್ಲಿ ತೆರೆಯದ ಕಾರಣ ಆಶ್ರಿತಾ ಅಲ್ಲಿಂದ ಫೋನಿನಲ್ಲಿ ಕೇಳಿ ಕೇಳಿ ಕತ್ತರಿಸಿ ಕಳುಹಿಸುವುದು, ಇಲ್ಲಿ ಇವರು ತೆರೆದು ನೋಡುವುದು ಎಂದಾಯಿತು. ಎಲ್ಲಿ ಕತ್ತರಿಸಬೇಕು ಎಂದು ಹೇಳುವುದು ಭೋಜಣ್ಣನ ಕೆಲಸ. ಕಾಪುವಿನಿಂದ ಮಲ್ಪೆಯವರೆಗೆ ಒಂದು ತುಂಡು. ತೆರೆಯಿತು. ಭೋಜಣ್ಣ ಬೆರಳಿಟ್ಟು ಒಂದೊಂದೇ ಗೆರೆಯನ್ನು ಮಗಳಿಗೆ ತೋರಿಸಿದ. ಇಲ್ಲಿ ಬಲೆ ಹೋದದ್ದು, ಇಲ್ಲಿ ಗಾಳಿಗೆ ಸಿಕ್ಕಿ ಒಂದು ಹಗಲಿಡೀ ಕಳೆದದ್ದು. ಅವಳು ಪ್ರಶ್ನೆ ಕೇಳುತ್ತಲೇ ಹೋದಳು. ಒಂದು ತುಂಡಿಗೇ ಮಧ್ಯಾಹ್ನವಾಯಿತು.

ಎರಡನೆಯದಕ್ಕೆ ಬಂದಾಗ ತೊಡಕು ಹುಟ್ಟಿತು. ಮಲ್ಪೆಯ ನೇರಕ್ಕೆ, ಇಪ್ಪತ್ತಾರು ಮಾರು ಆಳದಲ್ಲಿ ಒಂದು ಉದ್ದನೆಯ ಕಲ್ಲು, ಕತ್ತರಿಸಿದ ಗೆರೆಯ ಮೇಲೆಯೇ ಬಿದ್ದಿತ್ತು. ಗೆರೆಯನ್ನು ಆಚೆ ಸರಿಸಿದರೆ ಇನ್ನೊಂದು ಕಲ್ಲು ಸಿಗುತ್ತಿತ್ತು, ಈಚೆ ಸರಿಸಿದರೆ ಮತ್ತೊಂದು. ಭೋಜಣ್ಣ ಬಹಳ ಹೊತ್ತು ನೋಡಿದ. ಕೊನೆಗೆ ಆ ಕಲ್ಲನ್ನು ಎರಡು ತುಂಡುಗಳಲ್ಲೂ ಹಾಕಲು ಆಶ್ರಿತಾಳಿಗೆ ಹೇಳು ಎಂದ.

"ಎರಡರಲ್ಲಿ ಯಾಕೆ ಪಪ್ಪ? ಇರುವುದು ಒಂದೇ ಅಲ್ವಾ?"

"ತೆಂಕಿನಿಂದ ಬಂದವನಿಗೂ ಕಾಣ್ಬೇಕು, ಬಡಗಿನಿಂದ ಬಂದವನಿಗೂ ಕಾಣ್ಬೇಕು."

ಚೈತನ್ಯಾ ಹಾಗೇ ಹೇಳಿದಳು. ಎರಡೂ ತುಂಡು ಹೊಸದಾಗಿ ಬಂದವು, ಎರಡನೆಯದು ತೆರೆಯಿತು. ಕಲ್ಲು ಅದರ ಜಾಗದಲ್ಲಿತ್ತು. ಭೋಜಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಮೊದಲ ತುಂಡನ್ನು ಇನ್ನೊಮ್ಮೆ ತೆರೆಸಿದ. ಅಲ್ಲೂ ಇತ್ತು. ಮುಂದೆ ಯಾರಾದರೂ ಈ ಎರಡನ್ನೂ ಸೇರಿಸಿದರೆ ಅದು ಒಂದೇ ಕಲ್ಲಾಗುತ್ತದೋ, ಅಥವಾ ಕಂಪ್ಯೂಟರು ಅಲ್ಲಿ ಎರಡು ಕಲ್ಲು ಉಂಟು ಎಂದು ತಿಳಿಯುತ್ತದೋ ಎಂದು ಮಗಳನ್ನು ಕೇಳಿದ. ಅವಳು ಯೋಚಿಸಿ, ಗೊತ್ತಿಲ್ಲ ಪಪ್ಪ ಎಂದಳು. ಫೋನಿನ ಆ ಕಡೆ ಆಶ್ರಿತಾಳಿಗೂ ಗೊತ್ತಿರಲಿಲ್ಲ. ಕಜೆಟನ್‌ರನ್ನು ಕೇಳಬೇಕು ಎಂದುಕೊಂಡು, ಮರೆಯದಿರಲಿ ಎಂದು ಭೋಜಣ್ಣ ಪೆನ್ನಿಗಾಗಿ ಹುಡುಕತೊಡಗಿದ.